ನಾಲ್ಕನೇ ಪ್ಲಾಟ್‌ಫಾರ್ಮಿನ ಷಟ್ಪದಿ

"ಮೇಡಂ, ಇವತ್ತು ಎರಡು ಮಾತ್ರೆ ಜಾಸ್ತಿ ಆಗಿದೆ ನಿಮಗೆ."

ವಿಚಾರಣೆ ಕಿಟಕಿಯ ಆಚೆ ನಿಂತವನು ಹೀಗೆಂದಾಗ ಶಿರೀಷಾಳ ಕೈ ತಾನಾಗಿಯೇ ಪರ್ಸಿನ ಮೇಲೆ ಹೋಯಿತು. ತಲೆನೋವೆಂದು ಬೆಳಿಗ್ಗೆ ಒಂದು, ಊಟದ ಮೇಲೊಂದು ಮಾತ್ರೆ ನುಂಗಿದ್ದು ನಿಜ. ಅದು ಈ ಮನುಷ್ಯನಿಗೆ ಹೇಗೆ ಗೊತ್ತಾಯಿತು?

"ರೀ, ನಾನೆಷ್ಟು ಮಾತ್ರೆ ತಗೊಂಡ್ರೆ ನಿಮಗೇನ್ರೀ? ಯಾವೂರಿಗೆ ಬಸ್ಸು ಬೇಕೋ ಅದು ಕೇಳಿ."

ಅವನು ತಬ್ಬಿಬ್ಬಾದ. ಆಮೇಲೆ ಅರ್ಥವಾಗಿ, ನಗು ತಡೆಯಲು ತುಟಿ ಕಚ್ಚಿದ. ಆಗಲಿಲ್ಲ. ಮೂವತ್ತೈದರ ಆಸುಪಾಸಿನ ವಯಸ್ಸು, ಇಸ್ತ್ರಿ ಮಾಡಿದ ತಿಳಿನೀಲಿ ಅಂಗಿ. ಅವನ ಕೈಯಲ್ಲಿದ್ದ ಬಿಳಿಯ ಕೋಲು ಅವಳಿಗೆ ಕಂಡದ್ದು ಆಗಲೇ.

"ನುಂಗೋ ಮಾತ್ರೆ ಅಲ್ಲ ಮೇಡಂ. ಛಂದಸ್ಸಿನ ಮಾತ್ರೆ. ದಿನಾ 'ಪ್ರಯಾಣಿಕರ ಗಮನಕ್ಕೆ' ಅಂತೀರ. ಇವತ್ತು 'ಪ್ರಯಾಣಿಕರಾ ಗಮನಕ್ಕೇ' ಅಂದ್ರಿ. ಎರಡು ಕಡೆ ಎಳೆದ್ರಿ, ಎರಡು ಮಾತ್ರೆ ಹೆಚ್ಚಾಯ್ತು. ಹುಷಾರಿಲ್ವೇನೋ ಅಂತ ಕೇಳಕ್ಕೆ ಬಂದೆ. ತಪ್ಪು ತಿಳ್ಕೋಬೇಡಿ."

ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದಲ್ಲಿ ಶಿರೀಷಾ ಮೈಕಿನ ಮುಂದೆ ಕೂರಲು ಶುರುಮಾಡಿ ಮೂರು ವರ್ಷವಾಗಿತ್ತು. ದಿನಕ್ಕೆ ಸಾವಿರಾರು ಜನ ಅವಳ ದನಿ ಕೇಳಿ ಎದ್ದು ಓಡುತ್ತಿದ್ದರು. ಆ ದನಿಗೆ ಹುಷಾರಿದೆಯೋ ಇಲ್ಲವೋ ಎಂದು ಕೇಳಿದವರು ಯಾರೂ ಇರಲಿಲ್ಲ. ಅವಳ ತಾಯಿ ಅನಸೂಯಮ್ಮ ತೀರಿಕೊಂಡು ಅಂದಿಗೆ ಸರಿಯಾಗಿ ಒಂದು ವರ್ಷ.

"ಸ್ವಲ್ಪ ತಲೆನೋವು, ಅಷ್ಟೆ" ಎಂದಳು.

"ಮನೆಗೆ ಹೋಗಿ ಮಲಗಿ" ಎಂದು ಹೇಳಿ, ಕೋಲು ಆಡಿಸಿಕೊಂಡು ನಾಲ್ಕನೇ ಪ್ಲಾಟ್‌ಫಾರ್ಮಿನ ಕಡೆಗೆ ಅವನು ಹೊರಟುಹೋದ.

ಹೆಸರು ಮಧುಸೂದನ್. ಊರಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಮೇಷ್ಟ್ರು. ಆರನೇ ವಯಸ್ಸಿನಲ್ಲಿ ಜ್ವರ ಬಂದು ಕಣ್ಣು ಹೋಯಿತು. ತಾಯಿಯೊಂದಿಗೆ ಮಂಚೇನಹಳ್ಳಿಯಲ್ಲಿ ವಾಸ. ಸಂಜೆ ಆರೂಹತ್ತರ ಗೌರಿಬಿದನೂರು ಬಸ್ಸಿಗೆ ಹೋಗುತ್ತಾನೆ. ಇಷ್ಟೂ ಅವಳಿಗೆ ತಿಳಿದದ್ದು ಮುಂದಿನ ವಾರ, ಅವನು ಒಂದು ದಪ್ಪ ಪುಸ್ತಕ ಎದೆಗವಚಿಕೊಂಡು ಮತ್ತೆ ಕಿಟಕಿಗೆ ಬಂದಾಗ.

ದೂರಶಿಕ್ಷಣದಲ್ಲಿ ಎಂ.ಎ. ಕಟ್ಟಿದ್ದನಂತೆ. ಉಳಿದ ಪೇಪರುಗಳಿಗೆ ಮೊಬೈಲಿನಲ್ಲಿ ಕೇಳಿಸಿಕೊಳ್ಳಲು ಪಾಠಗಳಿದ್ದವು. ಛಂದಸ್ಸಿನ ಪೇಪರಿಗೆ ಇಟ್ಟಿದ್ದ ಹಳೆಯ ಕಥನಕಾವ್ಯವೊಂದು ಮಾತ್ರ ಎಲ್ಲೂ ಸಿಕ್ಕಿರಲಿಲ್ಲ.

"ಫೋನಿಗೆ ಓದಕ್ಕೆ ಬರತ್ತೆ. ಆದ್ರೆ ರೇಷನ್ ಪಟ್ಟಿ ಓದ್ದಂಗೆ ಓದತ್ತೆ. ಪದ್ಯದ ನಡೆ ಗೊತ್ತಾಗಲ್ಲ. ನೀವು ಐದಕ್ಕೆ ಡ್ಯೂಟಿ ಮುಗಿಸ್ತೀರಲ್ಲ, ನನ್ನ ಬಸ್ಸು ಬರೋತನಕ ಒಂದು ಗಂಟೆ ಓದ್ತೀರಾ?"

"ಅಯ್ಯೋ, ನನ್ನ ಕೈಲಾಗಲ್ಲ ಮೇಷ್ಟ್ರೆ. ನಾನು ಓದಿರೋದು ಬಿ.ಕಾಂ. ಮನೇಲಿ ಮಾತಾಡೋದು ತೆಲುಗು. ಹಳೇ ಪದ್ಯ ಬಾಯಿ ತಿರುಗಲ್ಲ."

"ನಿಮ್ಮ ಬಾಯಿ ಹೆಂಗೆ ತಿರುಗತ್ತೆ ಅಂತ ಎರಡು ವರ್ಷದಿಂದ ಕೇಳ್ತಿದ್ದೀನಿ. ಸಾಕಷ್ಟು ಚೆನ್ನಾಗಿ ತಿರುಗತ್ತೆ."

ಎರಡು ವರ್ಷ! ಶಿರೀಷಾ ಪುಸ್ತಕಕ್ಕೆ ಕೈ ಚಾಚಿದಳು.

*

ನಾಲ್ಕನೇ ಪ್ಲಾಟ್‌ಫಾರ್ಮಿನ ಕೊನೆಗೆ ಒಂದು ಕಲ್ಲುಬೆಂಚು. ಅಲ್ಲಿಂದ ಸ್ಕಂದಗಿರಿ ಕಾಣುತ್ತಿತ್ತು. ಐದರ ನಂತರ ಮೈಕು ಕಂಟ್ರೋಲರ್ ಜಗನ್‌ನ ಕೈಗೆ ಹೋಗುತ್ತಿತ್ತು. ಅವನ ಕೂಗಿನ ನಡುವೆಯೇ ಇವರ ಓದು.

ಮೊದಲ ದಿನ ಅವಳು ಗಂಟಲು ಸರಿಮಾಡಿಕೊಂಡು ಓದಿದಳು: "ಒರಗಿ ಕಂಬಕ್ಕೆ ಒಬ್ಬ ಹೆಂಗಸು..."

"ಕುಂಟ್ತು" ಎಂದ ಮಧುಸೂದನ್.

"ಎಲ್ಲಿ?"

"ಕಂಬದ ಹತ್ರ. ಅನೌನ್ಸ್‌ಮೆಂಟ್ ಮಾಡಿ ಮಾಡಿ ಪದ ಬಿಡಿಸಿ ಹೇಳೋದು ಅಭ್ಯಾಸ ಆಗಿದೆ ನಿಮಗೆ. ಬಿಡಿಸ್ಬೇಡಿ. ಕಂಬಕ್ಕೊಬ್ಬ. ಮೂರು, ನಾಕು, ಮೂರು, ನಾಕು. ಹ್ರಸ್ವ ಅಕ್ಷರಕ್ಕೆ ಒಂದು ಮಾತ್ರೆ, ಎಳೆದ್ರೆ ಎರಡು, ಒತ್ತಕ್ಷರದ ಹಿಂದಿನದಕ್ಕೂ ಎರಡು. ನೋಡಿ."

ಅವನ ಬೆರಳು ಬೆಂಚಿನ ಮೇಲೆ ಮೆಲ್ಲಗೆ ಬಡಿಯತೊಡಗಿತು. ಅವಳು ಆ ಬೆರಳನ್ನೇ ನೋಡುತ್ತ ಮತ್ತೆ ಓದಿದಳು.

ಒರಗಿ ಕಂಬಕ್ಕೊಬ್ಬ ಹೆಂಗಸು
ಬರುವ ಗಾಳಿಗೆ ಕಿವಿಯನಿತ್ತಳು
ಕರೆದ ದನಿಯದು ಯಾರದೆನ್ನುತ ತಿರುಗಿ ನೋಡಿದಳು
ಮರಳಿ ಯಾರೂ ಇಲ್ಲ ಬಾಗಿಲ
ಮರೆಯೊಳುಲಿದುದು ತನ್ನ ಬಳೆಗಳೆ
ಮರುಳೆ ನಾನೆಂದೊಳಗೆ ನಕ್ಕಳು ಕಣ್ಣನೊರಸಿದಳು

ಸಮುದ್ರದಾಚೆ ವ್ಯಾಪಾರಕ್ಕೆ ಹೋದ ಗಂಡನಿಗಾಗಿ ಕಾಯುವ ಹೆಣ್ಣಿನ ಕಥೆ ಅದು. ಕರೆದರೆಂದು ತಿರುಗಿ ನೋಡಿದರೆ ಯಾರೂ ಇಲ್ಲ, ಸದ್ದು ಮಾಡಿದ್ದು ತನ್ನದೇ ಬಳೆ. ಬಾಡಿಗೆಯ ಒಂಟಿ ಕೋಣೆಯಲ್ಲಿ ಕುಕ್ಕರಿನ ಸೀಟಿಗೆ ಬೆಚ್ಚಿ, ಅಮ್ಮ ಕರೆದಳೆಂದು ತಿರುಗಿ ನೋಡಿದ ಎಷ್ಟೋ ಬೆಳಗುಗಳು ಶಿರೀಷಾಳಿಗೆ ನೆನಪಾದವು.

"ಎಲ್ಲಾ ಸಾಲಲ್ಲೂ ಎರಡನೇ ಅಕ್ಷರ ಏನಿದೆ ಹೇಳಿ" ಎಂದ ಅವನು.

"ರ... ರು... ರೆ... ಓ, ಎಲ್ಲಾ ರಕಾರಾನೇ!"

"ಅದೇ ಆದಿಪ್ರಾಸ. ಒಂದು ಸಾಲು ಹಿಡಿದ್ರೆ ಇನ್ನೊಂದು ಸಾಲು ತಾನಾಗೇ ನೆನಪಿಗೆ ಬರತ್ತೆ. ಬರೆದಿಟ್ಟು ಓದಕ್ಕಾಗದೇ ಇರೋರಿಗೆ ಅಂತ್ಲೇ ಯಾರೋ ಪುಣ್ಯಾತ್ಮರು ಮಾಡಿಟ್ಟಂಗಿದೆ" ಎಂದು ನಕ್ಕ.

ಹೀಗೆ ಶುರುವಾದ ಓದು ದಿನದ ಕೊನೆಯ ಕೆಲಸವಾಯಿತು. ಬರಬರುತ್ತ ಅವಳು ಬೆಳಿಗ್ಗೆ ಏಳುವುದೇ ಅದಕ್ಕಾಗಿ ಎಂಬಂತಾಯಿತು. ಸೇವಂತಿಗೆ ಬುಟ್ಟಿ, ದ್ರಾಕ್ಷಿ ಕ್ರೇಟು, ಶಿಡ್ಲಘಟ್ಟಕ್ಕೆ ಹೋಗುವ ರೇಷ್ಮೆಗೂಡಿನ ಚೀಲಗಳ ಹಸಿ ವಾಸನೆ, ಇವುಗಳ ನಡುವೆ ಕೂತು ಅವಳು ಗುರು ಲಘು ಕಲಿತಳು. ರಾಗಿಮುದ್ದೆ ತಿರುವುವಾಗಲೂ ಕೈ ಮೂರು ನಾಕು ಎಣಿಸತೊಡಗಿತು.

ಅವಳಿಗೆ ಇನ್ನೊಂದು ಅಭ್ಯಾಸವೂ ಆಯಿತು. ಸಾಲಿನ ಕೊನೆಗೆ ತಲೆಯೆತ್ತಿ ಅವನ ಮುಖ ನೋಡುವುದು. ಎಡ ಕೆನ್ನೆಯ ಮೇಲೆ ಒಂದು ಸಣ್ಣ ಕಲೆ. ಪದ್ಯ ಹಿಡಿಸಿದರೆ ಹುಬ್ಬು ಒಂದಿಷ್ಟೇ ಮೇಲೇಳುತ್ತಿತ್ತು. ತಾನು ನೋಡುವುದು ಅವನಿಗೆ ತಿಳಿಯದೆಂಬ ಧೈರ್ಯ ಒಂದು ಕಡೆ, ಕದ್ದಂತೆ ಆಗುತ್ತಿದೆಯಲ್ಲ ಎಂಬ ನಾಚಿಕೆ ಇನ್ನೊಂದು ಕಡೆ.

ಒಂದು ದಿನ ಅವನೇ ಹೇಳಿದ. "ಓದೋದು ನಿಂತುಹೋಯ್ತಲ್ಲ. ಏನು ನೋಡ್ತಿದ್ದೀರಾ?"

"ಬೆಟ್ಟ" ಎಂದಳು ತಕ್ಷಣ.

"ಬೆಟ್ಟ ಬಲಗಡೆ ಇದೆ ಅಂತ ಜಗನ್ ಹೇಳಿದ್ದ. ನಿಮ್ಮ ಉಸಿರು ಈ ಕಡೆಯಿಂದ ಬರ್ತಿದೆ."

ಅವಳ ಮುಖ ಕೆಂಪಾಯಿತು. ಪುಟ ತಿರುವಿದ ಸದ್ದು ಬೇಕೆಂತಲೇ ಜೋರಾಗಿ ಮಾಡಿದಳು. ಅವನು ನಗುತ್ತಲೇ ಇದ್ದ.

*

ಮೇ ತಿಂಗಳಲ್ಲಿ ಪರೀಕ್ಷೆ. ಚಿಂತಾಮಣಿಯ ಒಂದು ಕಾಲೇಜಿನಲ್ಲಿ ಕೇಂದ್ರ. ಅವನು ಹೇಳಿದ್ದನ್ನು ಬರೆಯಲು ಒಬ್ಬರು ಬೇಕಿತ್ತು, ಕನ್ನಡ ಎಂ.ಎ. ಓದದವರೇ ಆಗಬೇಕು. ಕೇಳುವ ಮೊದಲೇ ಶಿರೀಷಾ ರಜಾ ಬರೆದುಕೊಟ್ಟಿದ್ದಳು.

ಛಂದಸ್ಸಿನ ಪೇಪರಿನ ದಿನ ಬಸ್ಸಿನಲ್ಲಿ ಇಬ್ಬರ ಸೀಟಿನಲ್ಲಿ ಕೂತರು. ಅವಳಿಗೆ ಕಿಟಕಿ ಬಿಟ್ಟುಕೊಟ್ಟು, "ನಾನು ಕೂತು ಏನು ನೋಡ್ಬೇಕು" ಎಂದ.

"ಪ್ರಾಸಕ್ಕೆ ಪ್ರಾಣಿ ಹೆಸರಿದೆ ಅಂದಿದ್ರಲ್ಲ ಮೇಷ್ಟ್ರೆ, ಇನ್ನೊಂದ್ಸಲ ಹೇಳಿ. ಶಿಡ್ಲಘಟ್ಟ ಬರೋದ್ರೊಳಗೆ ಎಲ್ಲಾ ಒಪ್ಪಿಸ್ಬಿಡಿ."

"ನೀವೇ ಊರ ಹೆಸರು ಕೂಗಿ, ನಾನು ಹೇಳ್ತೀನಿ."

ಅವಳು ಮೈಕಿನ ದನಿ ತೆಗೆದು, ಪಕ್ಕದವರಿಗೆ ಕೇಳಿಸದಷ್ಟು ಮೆಲ್ಲಗೆ, "ಗೌರಿಬಿದನೂರು" ಎಂದಳು.

"ಮೊದಲಕ್ಷರ ದೀರ್ಘ. ಆನೆ."

"ಚಿಕ್ಕಬಳ್ಳಾಪುರ?"

"ಕಕಾರಕ್ಕೆ ಕಕಾರವೇ ಒತ್ತು. ಕುದುರೆ. ಶಿಡ್ಲಘಟ್ಟ ಡಕಾರಕ್ಕೆ ಲಕಾರ ಒತ್ತು, ಅದು ಶರಭ. ಚಿಂತಾಮಣೀಲಿ ಸೊನ್ನೆ ಇದೆ, ಹೋರಿ."

"ಪೆರೇಸಂದ್ರ?"

"ಮೊದಲಕ್ಷರಕ್ಕೆ ದೀರ್ಘ ಇಲ್ಲ, ಸೊನ್ನೆ ಇಲ್ಲ, ಅದರ ಮುಂದಿನದಕ್ಕೆ ಒತ್ತಿಲ್ಲ. ಬರೀ ಹ್ರಸ್ವ. ಅದಕ್ಕೆ ಸಿಂಹ ಅಂತಾರೆ."

"ಅಷ್ಟು ಬಡಪಾಯಿಗೆ ಸಿಂಹ ಅಂತ ಹೆಸರಾ! ಆರು ಅಂದಿದ್ರಿ, ಐದೇ ಆಯ್ತು."

"ಆರನೇದು ಆಡು. ವಿಸರ್ಗ ಇರಬೇಕು. ನಮ್ಮ ಕಡೆ ಯಾವ ಊರಿಗೂ ಇಲ್ಲ." ಅವನು ಸ್ವಲ್ಪ ತಡೆದು, "ದುಃಖದಲ್ಲಿದೆ" ಎಂದ.

ಬಸ್ಸು ಹಿಪ್ಪುನೇರಳೆ ತೋಟಗಳ ನಡುವೆ ಓಡುತ್ತಿತ್ತು. ತಿರುವಿನಲ್ಲಿ ಅವನ ತೋಳು ಅವಳ ತೋಳಿಗೆ ತಾಗಿ, ತಿರುವು ಮುಗಿದರೂ ಅಲ್ಲೇ ಉಳಿಯಿತು.

"ನನ್ನ ಹೆಸರು ಯಾವ ಪ್ರಾಣಿ?" ಎಂದು ಕೇಳಿದಳು.

"ಶಿರೀಷಾ. ಸಿಂಹ."

"ನಿಮ್ದು?"

"ಮಧು. ನಂದೂ ಸಿಂಹಾನೇ."

"ಹಂಗಾದ್ರೆ ಇಬ್ರದೂ ಪ್ರಾಸ ಹೊಂದತ್ತೆ!" ಬಾಯಿಂದ ಜಾರಿದ ಮೇಲೆ ಅವಳು ನಾಲಿಗೆ ಕಚ್ಚಿಕೊಂಡಳು.

"ಇಲ್ಲ ಮೇಡಂ. ಜಾತಿ ಒಂದೇ ಆದ್ರೆ ಸಾಲ್ದು, ಅಕ್ಷರಾನೂ ಒಂದೇ ಇರಬೇಕು. ನಿಮ್ದು ರ, ನಂದು ಧ. ಹೊಂದಲ್ಲ."

ಮೇಷ್ಟ್ರು ಪಾಠ ಹೇಳಿದ ಹಾಗೆ ಹೇಳಿದ. ಅವಳಿಗೆ ಅದು ಪಾಠದಂತೆ ಕೇಳಲಿಲ್ಲ. ಮುಂದಿನ ತಿರುವು ಬರುವ ಮೊದಲೇ ತೋಳು ಸರಿಸಿಕೊಂಡು ಕಿಟಕಿಗೆ ಆತು ಕೂತಳು.

ಪರೀಕ್ಷೆಯಲ್ಲಿ ಅವರಿಗೆ ಬೇರೆ ಕೋಣೆ ಕೊಟ್ಟರು. ಮೇಲ್ವಿಚಾರಕಿ ಎದುರಿಗೇ ಕೂತರು. ನಾಲ್ಕನೆಯ ಪ್ರಶ್ನೆ, ಪದ್ಯಕ್ಕೆ ಪ್ರಸ್ತಾರ ಹಾಕಿ ಛಂದಸ್ಸು ಹೆಸರಿಸುವುದು. ಶಿರೀಷಾ ಕಲಿತ ಹಾಗೆ ಮೊದಲ ಸಾಲನ್ನು ನಡೆ ಹಿಡಿದು ಓದಿದಳು.

"ಅಮ್ಮಾ, ಹಾಡಂಗಿಲ್ಲ" ಎಂದರು ಮೇಲ್ವಿಚಾರಕಿ. "ಅದೇ ಉತ್ತರ ಹೇಳಿಕೊಟ್ಟಂಗಾಗತ್ತೆ. ಸುಮ್ನೆ ಓದಿ ಅಷ್ಟೆ."

ಅವಳು ಸುಮ್ಮನೆ ಓದಿದಳು. ಬಸ್ಸಿನ ಬೋರ್ಡು ಓದಿದ ಹಾಗೆ. ಮಧುಸೂದನನ ಬೆರಳು ಮೇಜಿನ ಮೇಲೆ ಎರಡು ಸಲ ಬಡಿದು ನಿಂತುಹೋಯಿತು. ಮೂರನೆಯ ಸಾಲಿನಲ್ಲಿ ಅವನು ಒಂದು ಗುರುವನ್ನು ಲಘು ಎಂದ. ಅವಳಿಗೆ ಗೊತ್ತಾಯಿತು. ಆರು ತಿಂಗಳ ಹಿಂದೆ ಗೊತ್ತಾಗುತ್ತಿರಲಿಲ್ಲ. ಅವನು ಹೇಳಿದ್ದನ್ನೇ ಬರೆದಳು. ಅಲ್ಲಿಂದ ಮುಂದಿನ ಗಣಗಳೆಲ್ಲ ಜಾರಿದವು. ಅವನು ತಡವರಿಸುತ್ತ ಹೇಳಿದ್ದನ್ನೆಲ್ಲ ಅವಳು ಒಂದೊಂದಾಗಿ ಬರೆಯುತ್ತಲೇ ಹೋದಳು.

ಹೊರಗೆ ಬಂದಾಗ, "ತಪ್ಪಾಯ್ತು ಮೇಷ್ಟ್ರೆ, ನಾನು ಸರಿಯಾಗಿ..." ಎಂದು ಶುರುಮಾಡಿದಳು.

"ನಿಮ್ದೇನೂ ತಪ್ಪಿಲ್ಲ. ನಾಕನೇದು ಹೋದ್ರೂ ಬೇರೆದು ಚೆನ್ನಾಗೇ ಆಗಿದೆ. ಆಯ್ತಲ್ಲ, ಇನ್ನು ಸಂಜೆ ಹೊತ್ತು ನಿಮಗೆ ತೊಂದರೆ ಕೊಡಲ್ಲ."

"ತೊಂದರೆ ಏನಿರ್ಲಿಲ್ಲ" ಎಂದಳು ಅವಳು. ಅದೂ ಬೀಳ್ಕೊಡುವ ಮಾತಿನ ಹಾಗೇ ಕೇಳಿಸಿತು.

*

ಓದು ಮುಗಿಯಿತು. ಶಾಲೆಗೆ ಬೇಸಿಗೆ ರಜೆ ಇತ್ತು. ಐದು ಗಂಟೆಗೆ ಮೈಕು ಬಿಟ್ಟು ಹೊರಗೆ ಬಂದರೆ ಎಲ್ಲಿ ಹೋಗಬೇಕೆಂದು ಶಿರೀಷಾಳಿಗೆ ತಿಳಿಯುತ್ತಿರಲಿಲ್ಲ. ಕಲ್ಲುಬೆಂಚಿನ ಮೇಲೆ ಯಾರೋ ಟೊಮೆಟೊ ಬಾಕ್ಸು ಜೋಡಿಸಿರುತ್ತಿದ್ದರು. ಕೋಣೆಗೆ ಹೋಗಿ, ಒಂದು ಲೋಟ ಅಕ್ಕಿ ಹಾಕಿ, ಅದರಲ್ಲಿ ಅರ್ಧ ಮಾರನೇ ದಿನಕ್ಕೆ ಉಳಿಸುತ್ತಿದ್ದಳು. ಫೋನಿನಲ್ಲಿ ಅವನ ಹೆಸರು ತೆಗೆದು ನೋಡುವಳು. ಏನೆಂದು ಕರೆಯುವುದು? ಇಷ್ಟು ದಿನ ಪುಸ್ತಕವೊಂದು ನೆಪವಾಗಿತ್ತು.

ಜೂನಿನಲ್ಲಿ ಶಾಲೆ ತೆರೆಯಿತು. ಅವನು ಮತ್ತೆ ಬಸ್ಸಿಗೆ ಬಂದ. ಕಿಟಕಿಯ ಬಳಿ ನಿಂತು, "ಆರಾಮಾ ಮೇಡಂ?" ಎನ್ನುತ್ತಿದ್ದ.

"ಆರಾಮು ಮೇಷ್ಟ್ರೆ. ನೀವು?"

"ಆರಾಮು."

ಆಮೇಲೆ ಇಬ್ಬರಿಗೂ ಮಾತು ಸಿಗುತ್ತಿರಲಿಲ್ಲ. ಹಿಂದೆ ನಿಂತವರು, "ಬಾಗೇಪಲ್ಲಿ ಬಸ್ಸು ಯಾವಾಗ್ರೀ?" ಎಂದು ಕೇಳಿದ ಕೂಡಲೇ ಅವನು ಪಕ್ಕಕ್ಕೆ ಸರಿದು ಹೋಗುತ್ತಿದ್ದ. ಅವಳು ಬಾಗೇಪಲ್ಲಿಯ ಹೊತ್ತು ಹೇಳುತ್ತ ಅವನ ಬೆನ್ನು ನೋಡುತ್ತಿದ್ದಳು. ಹೀಗೆ ಎರಡು ತಿಂಗಳಿಗೂ ಹೆಚ್ಚು ಕಾಲ ಕಳೆಯಿತು.

ಆಗಸ್ಟಿನ ಒಂದು ಶುಕ್ರವಾರ ಅವನು ಫೋನನ್ನು ಕಿಟಕಿಯೊಳಗೆ ಚಾಚಿದ. "ರಿಸಲ್ಟ್ ಬಂದಿದ್ಯಂತೆ. ಆ ಪುಟ ಫೋನಿಗೆ ಓದಕ್ಕೆ ಬರಲ್ಲ, ಸ್ವಲ್ಪ ನೋಡಿ ಹೇಳ್ತೀರಾ?"

ಅವಳು ನೋಂದಣಿ ಸಂಖ್ಯೆ ಒತ್ತಿದಳು. ಪುಟ ತೆರೆಯಿತು. ಎಲ್ಲ ಪೇಪರಿಗೂ ಉತ್ತೀರ್ಣ. ಛಂದಸ್ಸಿಗೂ ಉತ್ತೀರ್ಣ.

ಇದನ್ನು ಹೇಳಿಬಿಟ್ಟರೆ ಅವನು ಥ್ಯಾಂಕ್ಸ್ ಎನ್ನುತ್ತಾನೆ. ಫೋನು ತೆಗೆದುಕೊಳ್ಳುತ್ತಾನೆ. ನಾಲ್ಕನೇ ಪ್ಲಾಟ್‌ಫಾರ್ಮಿಗೆ ಹೋಗುತ್ತಾನೆ. ಅಷ್ಟೆ.

"ಛಂದಸ್ಸು ಒಂದು... ಹೋಗಿದೆ ಮೇಷ್ಟ್ರೆ" ಎಂದಳು ಶಿರೀಷಾ. ಮೈಕಿನಲ್ಲಿ ಮಾತಾಡುವಾಗಿನಷ್ಟೇ ದನಿ ಗಟ್ಟಿಯಾಗಿತ್ತು.

ಅವನ ಮುಖ ಬಿಗಿಯಿತು.

"ಹೌದಾ" ಎಂದ. "ಹಂಗಾದ್ರೆ ಸೋಮವಾರದಿಂದ ಮತ್ತೆ ಓದ್ಬೇಕಾಗತ್ತೆ. ಬರ್ತೀರಾ?"

"ಬರ್ತೀನಿ."

ಆ ಶನಿವಾರ, ಭಾನುವಾರ ಅವಳಿಗೆ ಅನ್ನ ಇಳಿಯಲಿಲ್ಲ. ಓದಿ ಹೇಳುವವಳೆಂದು ನಂಬಿ ಫೋನು ಕೈಗಿಟ್ಟಿದ್ದ. ನಂಬುವುದು ಬಿಟ್ಟು ಅವನಿಗೆ ಬೇರೆ ದಾರಿಯಾದರೂ ಏನಿತ್ತು? ಬೇರೆ ಯಾರಾದರೂ ಅವನಿಗೆ ಹೀಗೆ ಸುಳ್ಳು ಓದಿದ್ದರೆ ತಾನು ಅವರ ಮುಖ ನೋಡುತ್ತಿದ್ದೆನೇ? ಆದರೂ ಸೋಮವಾರ ಐದಕ್ಕೆ ಅವಳು ಹಸಿರು ಸೀರೆ ಉಟ್ಟು, ಟೊಮೆಟೊ ಬಾಕ್ಸುಗಳನ್ನು ತಾನೇ ಸರಿಸಿ, ಬೆಂಚು ಒರೆಸಿ ಕೂತಿದ್ದಳು. ಉಟ್ಟ ಸೀರೆ ಅವನಿಗೆ ಕಾಣದು. ಆದರೂ ಉಟ್ಟಿದ್ದಳು.

ಮೂರು ದಿನ ಓದಿದಳು. ದನಿ ಹದವಾಗಿತ್ತು, ಎಲ್ಲೂ ಕುಂಟಲಿಲ್ಲ. ಅವನ ಬೆರಳು ಮಾತ್ರ ಬೆಂಚಿನ ಮೇಲೆ ಬಡಿಯಲಿಲ್ಲ, ಮಡಿಲಲ್ಲೇ ಇತ್ತು. ನಾಲ್ಕನೆಯ ದಿನ ಅವನು ಚೀಲದಿಂದ ಒಂದು ಹಾಳೆ ತೆಗೆದ.

"ಮರುಪರೀಕ್ಷೆ ಅರ್ಜಿ. ನಾಳೆ ಕೊನೇ ದಿನ. ತುಂಬಿಕೊಡಿ, ನಾನು ಸೈನ್ ಹಾಕ್ತೀನಿ."

ಅವಳು ಅವನ ಹೆಸರು ಬರೆದಳು. ನೋಂದಣಿ ಸಂಖ್ಯೆ ಬರೆದಳು. ಅನುತ್ತೀರ್ಣರಾದ ವಿಷಯ ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು. ಗೌರಿಬಿದನೂರಿನ ಬಸ್ಸು ಪ್ಲಾಟ್‌ಫಾರ್ಮಿಗೆ ಬಂದು ನಿಂತ ಸದ್ದಾಯಿತು.

"ಬರೆದ್ರಾ?"

"ಇಲ್ಲ."

"ಯಾಕೆ?"

"ನೀವು ಫೇಲ್ ಆಗಿಲ್ಲ ಮೇಷ್ಟ್ರೆ." ದನಿ ಒಡೆಯಿತು. "ಎಲ್ಲಾದ್ರಲ್ಲೂ ಪಾಸಾಗಿದ್ದೀರ. ನಾನೇ ಸುಳ್ಳು ಓದ್ದೆ. ಪಾಸ್ ಅಂದ್ರೆ ನೀವು ಹೊರಟುಹೋಗ್ತೀರಲ್ಲ ಅಂತ... ನನಗೆ ಸಂಜೆ ಹೊತ್ತು ಇನ್ಯಾರೂ ಇಲ್ಲ. ತಪ್ಪು ಮಾಡ್ದೆ. ಬೈಯಿರಿ. ಬೈದು ಹೋಗ್ಬಿಡಿ."

ಮಧುಸೂದನ್ ಎದ್ದು ಹೋಗಲಿಲ್ಲ. ದೀರ್ಘವಾಗಿ ಉಸಿರುಬಿಟ್ಟ.

"ನನಗೆ ಗೊತ್ತಿತ್ತು" ಎಂದ.

ಅವಳು ತಲೆಯೆತ್ತಿದಳು.

"ಹೆಡ್‌ಮಾಸ್ಟರ್ ಮುನಿನಾರಾಯಣಪ್ಪನವರು ಅವತ್ತು ಬೆಳಿಗ್ಗೇನೇ ನೋಡಿ ಹೇಳಿದ್ರು. ಸ್ಟಾಫ್ ರೂಮಲ್ಲಿ ಮೈಸೂರ್‌ಪಾಕ್ ಹಂಚಿದ್ದೂ ಆಗಿತ್ತು. ಆದ್ರೂ ನಿಮ್ಮ ಕಿಟಕಿಗೆ ಫೋನ್ ತಂದೆ, ಮಾತಾಡಕ್ಕೆ ಬೇರೆ ನೆಪ ಇರ್ಲಿಲ್ಲ. ನೀವು ಫೇಲ್ ಅಂದಾಗ ಕೋಪ ಬಂತು. ಹೆಂಗೆ ಬಂತು ಅಂದ್ರೆ, ಮಂಚೇನಹಳ್ಳಿ ಬರೋತನಕ ಹಲ್ಲು ಕಚ್ಚಿಕೊಂಡು ಕೂತಿದ್ದೆ. ಕಣ್ಣಿಲ್ದೋನಿಗೆ ಹಿಂಗ್ ಮಾಡಬಹುದಾ ಅಂತ. ಮನೆಗೆ ಹೋಗಿ ಕೂತು ಯೋಚನೆ ಮಾಡ್ದೆ, ಯಾಕೆ ಹಂಗಂದ್ರು ಅಂತ. ಯೋಚನೆ ಮಾಡ್ತಾ ಮಾಡ್ತಾ ಅಳು ಬಂದ್ಬಿಡ್ತು."

"ಯಾಕೆ?"

"ಈ ಬೆಂಚು ತಪ್ಪಿಹೋಯ್ತು ಅಂತ ಒದ್ದಾಡ್ತಿರೋನು ನಾನೊಬ್ಬನೇ ಅಂದ್ಕೊಂಡಿದ್ದೆ."

ಶಿರೀಷಾಳ ಕಣ್ಣೀರು ಅರ್ಜಿಯ ಮೇಲೆ ಬಿದ್ದು ಶಾಯಿ ಹರಡಿತು.

"ಮತ್ತೆ ಈ ಫಾರಂ ಯಾಕೆ ತಂದ್ರಿ?"

"ನೀವು ಬರೀತೀರೋ ಇಲ್ವೋ ತಿಳ್ಕೋಬೇಕಿತ್ತು. ಬರೆದಿದ್ರೆ ಈ ಬಸ್ಸು ಹತ್ತಿ ಹೋಗಿ, ನಾಳೆಯಿಂದ ಆ ಕಡೆ ಗೇಟಿಂದ ಬರ್ತಿದ್ದೆ. ನಿಜ ಹೇಳ್ತಿದ್ದೀನಿ." ಅವನ ದನಿಯಲ್ಲಿ ನಗುವಿರಲಿಲ್ಲ. "ಇನ್ಮೇಲೆ ಯಾವತ್ತೂ ನನಗೆ ಸುಳ್ಳು ಓದ್ಬೇಡ ಶಿರೀಷಾ. ಬೇರೆ ಏನ್ ಬೇಕಾದ್ರೂ ಮಾಡು. ಜಗಳ ಆಡು, ಮಾತು ಬಿಡು. ಸುಳ್ಳು ಮಾತ್ರ ಓದ್ಬೇಡ."

ಮೇಡಂ ಎಂಬುದು ಯಾವಾಗ ಬಿದ್ದುಹೋಯಿತೋ ಅವಳಿಗೆ ತಿಳಿಯಲಿಲ್ಲ.

"ಓದಲ್ಲ" ಎಂದಳು. ಒದ್ದೆಯಾದ ಹಾಳೆ ಮಡಿಸುತ್ತ, "ಯಾವತ್ತೂ ಅಂದ್ರಿ" ಎಂದಳು.

"ಹೂಂ. ಯಾವತ್ತೂ ಅಂದೆ. ತಿಳಿದೇ ಅಂದಿದ್ದು. ಅಮ್ಮನಿಗೂ ಹೇಳಿದ್ದೀನಿ, ಓದೋ ಹುಡುಗಿ ಒಬ್ಳು ಇದ್ದಾಳೆ, ಒಪ್ಪಿದ್ರೆ ಕರ್ಕೊಂಡು ಬರ್ತೀನಿ ಅಂತ. ಒಪ್ತೀಯಾ ಇಲ್ವಾ ಅಂತ ಇವತ್ತೇ ಹೇಳ್ಬೇಕು ಅಂತೇನಿಲ್ಲ."

ಬಸ್ಸು ಹೊರಡುವ ಸದ್ದು ಮಾಡಿತು. ಕಂಡಕ್ಟರ್ ಬಾಗಿಲಿನಿಂದ ಬಗ್ಗಿ, "ಮೇಷ್ಟ್ರೇ, ಬರಲ್ವಾ? ಆರೂಹತ್ತಾಯ್ತು!" ಎಂದು ಕೂಗಿದ.

"ಮುಂದಿನ ಬಸ್ಸಿಗೆ ಬರ್ತೀನಪ್ಪ, ನೀನು ಹೋಗು!"

ಬಸ್ಸು ಹೋಯಿತು. ಧೂಳು ಇಳಿಯಿತು. ಮುಂದಿನ ಬಸ್ಸಿಗೆ ಇನ್ನೂ ಒಂದು ಗಂಟೆಯ ಮೇಲಿತ್ತು. ಶಿರೀಷಾ ಸೆರಗಿನಿಂದ ಮುಖ ಒರೆಸಿಕೊಂಡು ಪುಸ್ತಕ ಕೈಗೆತ್ತಿಕೊಂಡಳು.

"ಎಲ್ಲಿಂದ ಓದ್ಲಿ?"

"ಪುಸ್ತಕ ಇಡು. ನಿನ್ನ ವಿಷಯ ಹೇಳು."

"ನನ್ನ ವಿಷಯ ಏನಿದೆ?"

"ಇವತ್ತು ಬೆಳಿಗ್ಗೆ ಎದ್ದಾಗಿಂದ ಹೇಳು. ಏನು ಮಾಡ್ದೆ, ಏನು ತಿಂದೆ."

ಅವಳು ಬಾಯಿ ತೆರೆದಳು. ವರ್ಷಗಟ್ಟಲೆ ಊರುಗಳ ಹೆಸರು ಹೇಳಿದ ಬಾಯಿ, ಆರು ತಿಂಗಳು ಬೇರೆ ಯಾರದೋ ಕಥೆ ಓದಿದ ಬಾಯಿ. ತನ್ನದೊಂದು ದಿನವನ್ನು ಇನ್ನೊಬ್ಬರಿಗೆ ಹೇಳುವುದು ಎಲ್ಲಿಂದ ಶುರುವಾಗುತ್ತದೆ ಎಂಬುದೇ ಅವಳಿಗೆ ಮರೆತುಹೋಗಿತ್ತು. ಅವನು ಅವಸರ ಮಾಡಲಿಲ್ಲ. ಬೆಂಚಿನ ಮೇಲೆ ಅಂಗೈ ಮೇಲಾಗಿ ಕೈಯಿಟ್ಟುಕೊಂಡು ಕಾಯುತ್ತಿದ್ದ.

"ಐದೂವರೆಗೆ ಎದ್ದೆ" ಎಂದಳು ಶಿರೀಷಾ, ಆ ಅಂಗೈಯಲ್ಲಿ ತನ್ನ ಕೈಯಿಡುತ್ತ. "ನಲ್ಲೀಲಿ ನೀರು ಬರ್ತಿತ್ತು..."